ಜ್ವರ ಇಳಿದ ಮೇಲೂ ಎದೆಯ ಕಡೆ ಗಮನವಿರಲಿ



ಮಗುವಿನ ಜ್ವರ ಇಳಿದ ಮರುದಿನವೇ ಅದನ್ನು ಶಿಶುವಿಹಾರದಲ್ಲಿ ಬಿಟ್ಟು ನಾವು ತೋಟಕ್ಕೆ ಹೋಗುತ್ತೇವೆ. ಕೂಲಿ ತಪ್ಪಿದರೆ ಒಲೆ ಉರಿಯುವುದಿಲ್ಲ. ಇದರಲ್ಲಿ ತಾಯಂದಿರ ತಪ್ಪಿಲ್ಲ. ಆದರೆ ಜ್ವರ ಬಿಟ್ಟೊಡನೆ ಎದೆ ಪೂರ್ತಿ ಗುಣವಾಗುವುದಿಲ್ಲವೆಂಬುದನ್ನು ನಾವು ತಿಳಿದಿರಬೇಕು.

ಆರ್.ಎಸ್.ವಿ. ಎಂಬ ವೈರಸ್ಸು ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ತಗಲುತ್ತದೆ. ಹಲವರಿಗೆ ಬರೀ ನೆಗಡಿ. ಕೆಲವರಿಗೆ ಅದು ಎದೆಗಿಳಿದು ಸಣ್ಣ ಶ್ವಾಸನಾಳಗಳು ಬಾತುಕೊಳ್ಳುತ್ತವೆ. ಅಮೆರಿಕದ ಟೂಸಾನ್ ನಗರದ ವೈದ್ಯರು 1980ರಿಂದ ಅಲ್ಲಿನ ಮಕ್ಕಳನ್ನು ಹುಟ್ಟಿನಿಂದಲೇ ಗಮನಿಸುತ್ತ ಬಂದು, 1999ರಲ್ಲಿ ಹೀಗೆ ತಿಳಿಸಿದರು: ಮೂರು ವರ್ಷದೊಳಗೆ ಈ ರೋಗ ಎದೆಗಿಳಿದಿದ್ದ ಮಕ್ಕಳಿಗೆ 6ನೇ ವಯಸ್ಸಿನಲ್ಲಿ ಉಬ್ಬಸ ಹೆಚ್ಚು; 11ರಲ್ಲಿ ಉಸಿರು ಊದುವ ಶಕ್ತಿ ತುಸು ಕಡಿಮೆ, ನಾಳ ಸಡಿಲಿಸುವ ಔಷಧ ಕೊಟ್ಟಾಗ ಅದೂ ಸರಿಹೋಯಿತು; 13ರ ಹೊತ್ತಿಗೆ ಉಬ್ಬಸದಲ್ಲಿ ಇತರ ಮಕ್ಕಳಿಗೂ ಇವರಿಗೂ ವ್ಯತ್ಯಾಸ ಉಳಿಯಲಿಲ್ಲ. ಆದ್ದರಿಂದ ಎದೆಗುಂದುವುದು ಬೇಡ.

ನಮ್ಮ ಕೈಲಾದುದನ್ನು ಮಾಡೋಣ. ಒಲೆಯ ಹೊಗೆ, ಬೀಡಿಯ ಹೊಗೆ ಮಗುವಿಗೆ ತಾಗದಿರಲಿ. ಓಡಲಾರದ ಮಗುವನ್ನು ಸೋಮಾರಿಯೆಂದು ಗದರಬಾರದು. ಕೆಮ್ಮಿರುವ ಮಗು ಸುಮ್ಮನೆ ಮಲಗಿರುವಾಗ ಒಂದು ನಿಮಿಷ ಉಸಿರು ಎಣಿಸೋಣ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ, ಇಲ್ಲವೆ ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋದರೆ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಆ ದಿನ ಆ ತಾಯಿಯ ಕೂಲಿ ಹೋಗುತ್ತದೆ. ಅವಳ ಉಳಿದ ಮಕ್ಕಳಿಗೆ ಗಂಜಿ ಕೊಡುವ ಮನೆ ನಮ್ಮ ಲೈನಿನಲ್ಲಿ ಒಂದಾದರೂ ಇರಲಿ.