ತೂತಿಲ್ಲದ ಕಲ್ಲು, ಸುತ್ತಿದ ತಂತಿ

ಹೊಳೆ ದಂಡೆಯಲ್ಲಿ ಸಿಕ್ಕಿದ ಚೆಂದದ ಕಲ್ಲನ್ನು ಕೊರಳಿಗೆ ಹಾಕಿಕೊಳ್ಳೋಣ ಅಂದರೆ ಎದುರಾಗುವ ತೊಡಕು ಒಂದೇ, ಅದಕ್ಕೆ ತೂತಿಲ್ಲ. ಈಗ ಎಷ್ಟೋ ಮಂದಿ ಮನೆಯಲ್ಲೇ ಕೂತು ಕಲ್ಲಿಗೆ ತಂತಿ ಸುತ್ತಿ ಪದಕ ಮಾಡಿಕೊಳ್ಳುತ್ತಾರಲ್ಲ, ಆ ಕೈಗೆಲಸದ ಚರಿತ್ರೆಯನ್ನು ಈ ತೂತಿನಿಂದಲೇ ಶುರುಮಾಡಬೇಕು.

ಅಗೇಟ್, ಕಾರ್ನೀಲಿಯನ್‌ನಂಥ ಕಲ್ಲುಗಳು ಕಬ್ಬಿಣದ ಮೊನೆಗೆ ಜಗ್ಗುವುದಿಲ್ಲ. ಸಿಂಧೂ ಬಯಲಿನ ಚನ್ಹುದಾರೋದಲ್ಲಿ 1935-36ರಲ್ಲಿ ಅರ್ನೆಸ್ಟ್ ಮೆಕೇ ಅಗೆದಾಗ ಮಣಿ ಮಾಡುವ ಕಾರ್ಯಾಗಾರವೇ ಸಿಕ್ಕಿತು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಅಲ್ಲಿಯವರು ಕಲ್ಲಿನಿಂದಲೇ ಬೈರಿಗೆ ಮಾಡಿಕೊಂಡು ಕಲ್ಲನ್ನು ಕೊರೆಯುತ್ತಿದ್ದರು. ಪುರಾತತ್ತ್ವಜ್ಞ ಜೊನಾಥನ್ ಮಾರ್ಕ್ ಕೆನೋಯರ್ ಅಂಥದ್ದೇ ಬೈರಿಗೆ ಹಿಡಿದು ಪ್ರಯೋಗ ಮಾಡಿ ನೋಡಿದರು. ಗಂಟೆಗೆ ಇಳಿದದ್ದು ಸುಮಾರು 2.5 ಮಿಲಿಮೀಟರ್. ಹತ್ತು ಸೆಂಟಿಮೀಟರ್ ಉದ್ದದ ಮಣಿ ಅಂದರೆ ನಲವತ್ತು ಗಂಟೆಯ ದುಡಿಮೆ. ಇಂಥ ಮಣಿಗಳು ಮೆಸೊಪೊಟೇಮಿಯಾದ ಊರ್ ನಗರದ ರಾಜಸಮಾಧಿಗಳವರೆಗೂ ಹೋದವು. ಅಷ್ಟು ದುಡಿಮೆಯ ಬೆಲೆ ಅರಮನೆಗಲ್ಲದೆ ಇನ್ನಾರಿಗೆ ಎಟುಕೀತು?

ಹಾಗಾದರೆ ಕೊರೆಯದೆ ತಂತಿ ಸುತ್ತಬಹುದಿತ್ತಲ್ಲ ಅನ್ನಿಸಬಹುದು. ತಂತಿಯೂ ಸಲೀಸಾಗಿ ಸಿಗುತ್ತಿರಲಿಲ್ಲ. ಚಿನ್ನವನ್ನು ತಗಡು ಬಡಿದು, ಸಣ್ಣ ಪಟ್ಟಿ ಕತ್ತರಿಸಿ, ಅದನ್ನು ಹುರಿ ಮಾಡಿ, ಎರಡು ಹಲಗೆಗಳ ನಡುವೆ ಉರುಳಿಸಿ ದುಂಡಗೆ ಮಾಡಬೇಕಿತ್ತು. ಭೂತಗನ್ನಡಿ ಹಿಡಿದರೆ ಆ ಹುರಿಯ ಗೀಟು ಇವತ್ತಿಗೂ ತಂತಿಯ ಮೈಮೇಲೆ ಸುತ್ತುತ್ತಾ ಹೋಗುವುದು ಕಾಣುತ್ತದೆ. ಅಚ್ಚಿನ ತೂತಿನಿಂದ ಎಳೆದ ತಂತಿಯಲ್ಲಾದರೆ ಗೀಟು ಉದ್ದುದ್ದಕ್ಕೆ ಇರುತ್ತದೆ. ಹಳೆಯದೆಂದು ಹೇಳಿ ಮಾರುವ ಒಡವೆಯ ನಿಜ-ಸುಳ್ಳು ಹಿಡಿಯುವವರು ಮೊದಲು ನೋಡುವ ಗುರುತುಗಳಲ್ಲಿ ಇದೂ ಒಂದು. ರೋಮನ್ನರ ಓಲೆಗಳಲ್ಲಿ ಮಣಿ ಪೋಣಿಸಿದ ತಂತಿಯ ತುದಿಯನ್ನು ಅದೇ ತಂತಿಗೆ ಎರಡು ಮೂರು ಸುತ್ತು ಹಾಕಿ ಮುಗಿಸಿರುವುದನ್ನು ಕಾಣುತ್ತೇವೆ. ಬೆಸುಗೆ ಬೇಡ, ಬೆಂಕಿ ಬೇಡ. ಇವತ್ತು ನಾವು ಹಾಕುವ ಸುತ್ತೂ ಅದೇ.

ಕೊರೆಯದೆ ಧರಿಸುವ ಇನ್ನೊಂದು ದಾರಿ ನಮ್ಮಲ್ಲೇ ಇದೆ. ಇಷ್ಟಲಿಂಗವನ್ನು ಕರಡಿಗೆಯಲ್ಲಿಟ್ಟು ಶಿವದಾರದಿಂದ ಕೊರಳಿಗೆ ಹಾಕಿಕೊಳ್ಳುತ್ತಾರೆ. ಕರಡಿಗೆ ಒಳಗಿರುವುದನ್ನು ಮುಚ್ಚಿ ಕಾಪಾಡುತ್ತದೆ, ತಂತಿ ಕಲ್ಲನ್ನು ತೋರಿಸುತ್ತಲೇ ಹಿಡಿದುಕೊಳ್ಳುತ್ತದೆ.

ತಂತಿ ಅಗ್ಗವಾಗತೊಡಗಿದ್ದು ಹೊಳೆ ನೀರಿನ ಬಲದಿಂದ ಅದನ್ನು ಎಳೆಯಲು ಕಲಿತಮೇಲೆ. ಜರ್ಮನಿಯ ನ್ಯೂರೆಂಬರ್ಗ್ ಇದಕ್ಕೆ ಹೆಸರಾಗಿತ್ತು. ಆ ಊರಿನ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ಹದಿನೈದನೇ ಶತಮಾನದ ಕೊನೆಯಲ್ಲಿ ಅಂಥ ಗಿರಣಿಯ ಜಲವರ್ಣ ಚಿತ್ರವನ್ನೇ ಬರೆದಿಟ್ಟಿದ್ದಾನೆ. ಅಗ್ಗದ ತಂತಿ ಬಡವರ ಕೈಗೂ ಬಂತು. ಸ್ಲೊವಾಕಿಯಾದ ತಂತಿ ಕೆಲಸಗಾರರು ಊರೂರು ತಿರುಗಿ, ಸೀಳುಬಿಟ್ಟ ಮಣ್ಣಿನ ಗಡಿಗೆಗೆ ತಂತಿಯ ಬಲೆ ಹೆಣೆದು ಕೊಡುತ್ತಿದ್ದರು. ಗಡಿಗೆಯ ಜಾಗದಲ್ಲಿ ಕಲ್ಲಿಟ್ಟರೆ ಪದಕವಾಯಿತು! ಯುನೆಸ್ಕೋ 2019ರಲ್ಲಿ ಈ ಕಸುಬನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೂ ಈ ಕೆಲಸ ಮನೆಮನೆಗೆ ಬಂದದ್ದು ವಿದ್ಯುತ್ತಿನ ದೆಸೆಯಿಂದ ಎಂದೇ ನನ್ನ ನಂಬಿಕೆ. ಕರೆಂಟು ಬಂದಲ್ಲೆಲ್ಲ ತಾಮ್ರದ ತಂತಿ ಬಂತು, ಅದರ ತುಂಡು ಬೀದಿಗೆ ಬಿತ್ತು. ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಹುಟ್ಟಿದ್ದು 1898ರಲ್ಲಿ. ಹುಡುಗನಾಗಿದ್ದಾಗ, ಕೇಬಲ್ ಜೋಡಿಸುವ ಕೆಲಸಗಾರರು ಬಿಟ್ಟುಹೋದ ತಾಮ್ರದ ಚೂರುಗಳನ್ನು ಆರಿಸಿ ತಂದು ಅಕ್ಕನ ಗೊಂಬೆಗಳಿಗೆ ಒಡವೆ ಮಾಡಿಕೊಡುತ್ತಿದ್ದ. ದೊಡ್ಡವನಾದ ಮೇಲೂ ಆ ಚಟ ಹೋಗಲಿಲ್ಲ. ಒಡೆದ ಗಾಜು, ಪಿಂಗಾಣಿ ಚೂರು, ಬೆಣಚುಕಲ್ಲು ಏನೇ ಸಿಕ್ಕರೂ ತಂತಿಯಿಂದ ಕಟ್ಟಿದ. ಬೆಸುಗೆಯ ಗೋಜಿಗೆ ಅವನು ಹೋದದ್ದು ತೀರ ಕಡಿಮೆ. ಹೀಗೆ ಸುಮಾರು 1,800 ಒಡವೆಗಳಾದವು.

ನಮ್ಮೂರುಗಳಲ್ಲೂ ಇಂಥ ತಂತಿ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಚೌಕಟ್ಟಿಗೆ 20 ಗೇಜ್, ಸುತ್ತಲು 28 ಗೇಜ್ ಕೇಳಿ. ನಂಬರು ಏರಿದಷ್ಟೂ ತಂತಿ ತೆಳು, ಏಕೆಂದರೆ ಹಿಂದೆ ಅಚ್ಚಿನಿಂದ ಎಷ್ಟು ಸಲ ಎಳೆದರು ಅನ್ನುವುದರ ಲೆಕ್ಕ ಅದು. ದಪ್ಪ ತಂತಿಯ ಮೂರು ಎಳೆ ಜೋಡಿಸಿ, ನಡುವೆ ತೆಳು ತಂತಿಯಿಂದ ಐದಾರು ಸುತ್ತು ಬಿಗಿದು, ಕಲ್ಲಿನ ಅಂಚಿಗೆ ಬಳಸಿ ನೆತ್ತಿಯಲ್ಲಿ ಕಟ್ಟಬೇಕು. ಆಮೇಲೆ ಪಕ್ಕದ ಎಳೆಗಳನ್ನು ಅಲ್ಲಲ್ಲಿ ಇಕ್ಕಳದಿಂದ ಕಲ್ಲಿನ ಮೇಲಕ್ಕೆ ಬಾಗಿಸಿದರೆ ಅವೇ ಹಲ್ಲಾಗಿ ಕಚ್ಚಿಕೊಳ್ಳುತ್ತವೆ. ಒಂದೇ ಜಾಗದಲ್ಲಿ ಪದೇ ಪದೇ ಬಾಗಿಸಿದರೆ ತಾಮ್ರ ಗಡುಸಾಗಿ ಪಟ್ಟೆಂದು ಮುರಿಯುತ್ತದೆ. ಉಳಿದ ತುದಿಗಳಲ್ಲಿ ಕೊಂಡಿ ಮಾಡಿ, ಮೊನೆಯನ್ನು ಹಿಂಬದಿಗೆ ಒತ್ತಿಬಿಡಿ, ಇಲ್ಲದಿದ್ದರೆ ಸೆರಗಿಗೆ ಸಿಕ್ಕಿಕೊಳ್ಳುತ್ತದೆ.

ವೈಂಡಿಂಗ್ ತಂತಿಯ ವಾರ್ನಿಷ್ ಕೆರೆಯದೆ ಬಿಟ್ಟರೆ ಬಣ್ಣ ಬಹುಕಾಲ ಉಳಿಯುತ್ತದೆ. ಬರೀ ತಾಮ್ರವಾದರೆ ಬೆವರಿಗೆ ಕಪ್ಪಾಗುತ್ತದೆ, ಹುಣಸೆಹಣ್ಣು ಹಾಕಿ ತಿಕ್ಕಿದರೆ ಮತ್ತೆ ಹೊಳೆಯುತ್ತದೆ. ಅಗೇಟಿಗೆ ಅದರಿಂದ ಏನೂ ಆಗದು. ಕಟ್ಟಿದ್ದು ಮುತ್ತೋ ಹವಳವೋ ಅಮೃತಶಿಲೆಯೋ ಆಗಿದ್ದರೆ ಮಾತ್ರ ಹುಳಿ ತಾಗಿಸಬೇಡಿ, ಮೈಯ ಹೊಳಪನ್ನೇ ತಿಂದುಬಿಡುತ್ತದೆ.