ನಡಿಗೆಯ ಅಳತೆ, ಮೇಲ್ಮನವಿಯ ಹಕ್ಕು



ಈ ಸಮ್ಮೇಳನದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ. ವಿಕಲಚೇತನರ ಬದುಕಿನಲ್ಲಿ ಮಾತಾಡಬೇಕಾದ ವಿಷಯ ನೂರಿವೆ. ನಾನು ಒಂದನ್ನೇ ಹಿಡಿಯುತ್ತೇನೆ. ನಮ್ಮ ನಡಿಗೆಯನ್ನು ಅಳೆದು ಆಸ್ಪತ್ರೆಯಲ್ಲಿ ಪ್ರಮಾಣಪತ್ರದ ಮೇಲೆ ವೈಕಲ್ಯದ ಒಂದು ಶೇಕಡಾವಾರು ಬರೆದುಕೊಡುತ್ತಾರಲ್ಲ, ಅದು ತಪ್ಪು ಅನ್ನಿಸಿದರೆ ಪ್ರಶ್ನಿಸುವ ಹಕ್ಕು ನಮಗಿದೆ. ಆ ಹಕ್ಕನ್ನು ನಾವು ಬಳಸುತ್ತಿಲ್ಲ.

ಆ ಅಂಕಿಯ ಮೇಲೆ ಏನೇನು ನಿಂತಿದೆ ಎಂಬುದು ನಿಮಗೆ ಗೊತ್ತು. ಶೇ 40 ಮುಟ್ಟದಿದ್ದರೆ ಮಾಸಾಶನವಿಲ್ಲ, ರಿಯಾಯಿತಿ ಬಸ್ ಪಾಸಿಲ್ಲ, ಉದ್ಯೋಗದಲ್ಲಿ ಮೀಸಲಾತಿಯಿಲ್ಲ. 2021ರ ಜುಲೈನಲ್ಲಿ ರಾಜ್ಯ ಸರ್ಕಾರ ಶೇ 40ರಿಂದ 75ರ ನಡುವಿನವರ ಮಾಸಾಶನವನ್ನು 600 ರೂಪಾಯಿಯಿಂದ 800ಕ್ಕೆ ಏರಿಸಿತು. ಶೇ 75 ದಾಟಿದವರಿಗೆ ಆಗ 1,400 ಇತ್ತು. ಶೇ 39 ಮತ್ತು 40ರ ನಡುವೆ ಕಾಲಿನಲ್ಲಿ ಏನು ವ್ಯತ್ಯಾಸವಿದೆಯೋ ವೈದ್ಯರಿಗೂ ಹೇಳುವುದು ಕಷ್ಟ. ಮನೆಯ ತಿಂಗಳ ಖರ್ಚಿನಲ್ಲಿ ಮಾತ್ರ ಅದು ಎದ್ದು ಕಾಣುತ್ತದೆ.   

ಈಗ ಅಳತೆಯ ವಿಷಯಕ್ಕೆ ಬರುತ್ತೇನೆ. ಚಲನ ವೈಕಲ್ಯವನ್ನು ಹೇಗೆ ಅಳೆಯಬೇಕು ಎಂದು ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿದೆ. ಕಾಲಿನ ವಿಷಯದಲ್ಲಿ ಅದಕ್ಕೆ ಎರಡು ಭಾಗ. ಒಂದು, ಕೀಲು ಎಷ್ಟು ಮಡಚುತ್ತದೆ, ಮಾಂಸಖಂಡದಲ್ಲಿ ಎಷ್ಟು ಬಲವಿದೆ ಎಂಬುದು. ಇನ್ನೊಂದು ಸ್ಥಿರತೆ. ಸ್ಥಿರತೆಗೆ ಒಂಬತ್ತು ಪರೀಕ್ಷೆ, ಒಂದೊಂದಕ್ಕೆ ಶೇ 10. ಸಮತಟ್ಟಾದ ನೆಲದಲ್ಲಿ ನಡೆಯಬೇಕು, ಇಳಿಜಾರಿನಲ್ಲಿ ನಡೆಯಬೇಕು, ಮೆಟ್ಟಿಲು ಹತ್ತಬೇಕು, ಎರಡೂ ಕಾಲ ಮೇಲೆ ನಿಲ್ಲಬೇಕು, ಸೋತ ಕಾಲೊಂದರ ಮೇಲೆ ನಿಲ್ಲಬೇಕು, ಕುಕ್ಕರುಗಾಲಲ್ಲಿ ಕೂರಬೇಕು, ಚಕ್ಕಳಮಕ್ಕಳ ಹಾಕಬೇಕು, ಮಂಡಿಯೂರಬೇಕು, ತಿರುಗಬೇಕು. ಇದನ್ನು ಬರೆದವರಿಗೆ ನಮ್ಮ ಊರಿನ ಬದುಕು ಗೊತ್ತಿತ್ತು ಎಂದು ನಾನು ಗೌರವದಿಂದ ಹೇಳುತ್ತೇನೆ. ಕುಕ್ಕರುಗಾಲಲ್ಲಿ ಕೂರಲಾಗದವರಿಗೆ ಹಳ್ಳಿಯ ಶೌಚಾಲಯ ಇದ್ದೂ ಇಲ್ಲ. ಚಕ್ಕಳಮಕ್ಕಳ ಹಾಕಲಾಗದವರು ಮದುವೆಮನೆಯ ಪಂಕ್ತಿಯಲ್ಲಿ ಕೂರುವುದಿಲ್ಲ, ಉಣ್ಣದೆ ವಾಪಸು ಬರುತ್ತಾರೆ.

ಆದರೆ ತಪಾಸಣೆಯ ಕೋಣೆಯಲ್ಲಿ ಇವುಗಳಲ್ಲಿ ಎಷ್ಟನ್ನು ಮಾಡಿಸಿ ನೋಡುತ್ತಾರೆ? ನನಗೆ ಗೊತ್ತಿರುವ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಬಲತೊಡೆಯ ಮಾಂಸಖಂಡ ಸೋತಿದೆ. ಪ್ರತಿ ಹೆಜ್ಜೆಗೂ ಬಲಗೈಯಿಂದ ತೊಡೆಯನ್ನು ಒತ್ತಿ ಹಿಡಿಯುತ್ತಾಳೆ, ಇಲ್ಲವಾದರೆ ಮಂಡಿ ಮಡಚಿ ಬೀಳುತ್ತಾಳೆ. ಪೋಲಿಯೊ ಆದವರು ಈ ಸಭೆಯಲ್ಲಿ ಅನೇಕರಿದ್ದೀರಿ, ನಿಮಗೆ ವಿವರಿಸಬೇಕಿಲ್ಲ. ಆಸ್ಪತ್ರೆಯೊಂದರಲ್ಲಿ ಆಕೆಯನ್ನು ಟೈಲ್ಸ್ ಹಾಕಿದ ನೆಲದ ಮೇಲೆ ಬಾಗಿಲಿನಿಂದ ಮೇಜಿನವರೆಗೆ ನಡೆಸಿದರು. ಊರುಗೋಲಿಲ್ಲದೆ ನಡೆದಳು. ಬಂದ ಅಂಕಿ ಶೇ 40ಕ್ಕಿಂತ ಕಡಿಮೆ. ಆ ಕೈ ತೊಡೆಯ ಮೇಲೆ ಏಕಿದೆ ಎಂದು ಯಾರೂ ಕೇಳಲಿಲ್ಲ. ಆ ಕೈಯೇ ಆಕೆಯ ಊರುಗೋಲು. ನಡೆಯುವಾಗ ಅದರಲ್ಲಿ ಕೊಡ ಹಿಡಿಯುವಂತಿಲ್ಲ, ಮಗುವನ್ನು ಎತ್ತುವಂತಿಲ್ಲ, ಮಳೆ ಬಂದರೆ ಕೊಡೆ ಬಿಚ್ಚುವಂತಿಲ್ಲ. ಇಳಿಜಾರು ಇಳಿಯುವಾಗ ಆ ಕೈಯೂ ಸಾಲುವುದಿಲ್ಲ. ಮೇಲ್ಮನವಿ ಹಾಕಿದ ಮೇಲೆ ಮೆಟ್ಟಿಲು ಹತ್ತಿಸಿ, ಕುಕ್ಕರುಗಾಲಲ್ಲಿ ಕೂರಿಸಿ ನೋಡಿದರು. ಆಗ ಅಂಕಿ ಬದಲಾಯಿತು. ಆಕೆಯ ಕಾಲು ಮೊದಲು ಹೇಗಿತ್ತೋ ಹಾಗೇ ಇತ್ತು.

ಇದು ಪೋಲಿಯೊ ಒಂದರ ಕಥೆಯಲ್ಲ. ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು, ಲಕ್ವ ಹೊಡೆದು ಅರ್ಧ ಸುಧಾರಿಸಿಕೊಂಡವರು, ಸ್ನಾಯು ಕ್ಷಯದ ಮಕ್ಕಳು ಇದ್ದಾರೆ. ಬೆಳಗ್ಗೆ ನಡೆದ ಹುಡುಗ ಸಂಜೆ ಗೋಡೆ ಹಿಡಿಯುತ್ತಾನೆ. ಬೆಳಗಿನ ಹತ್ತು ಗಂಟೆಯ ತಪಾಸಣೆಗೆ ಅವನ ಸಂಜೆ ಕಾಣುವುದೇ ಇಲ್ಲ. ಪೋಲಿಯೊ ಆದವರಲ್ಲೂ ಎಷ್ಟೋ ಜನರಿಗೆ ದಶಕಗಳ ನಂತರ ಹೊಸದಾಗಿ ಬಲ ಕುಂದುತ್ತದೆ. ಅಂಥವರು ಇಪ್ಪತ್ತರ ವಯಸ್ಸಿನ ಪ್ರಮಾಣಪತ್ರವನ್ನೇ ಐವತ್ತರಲ್ಲೂ ಇಟ್ಟುಕೊಂಡು ಕೂರಬಾರದು, ಮರುತಪಾಸಣೆ ಕೇಳಬೇಕು.

ಈ ವಿಷಯದಲ್ಲಿ ಬ್ರಿಟನ್ನಿನ ವ್ಯವಸ್ಥೆಯಿಂದ ಕಲಿಯುವುದಿದೆ. ಅಲ್ಲಿ 2013ರಿಂದ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್ ಎಂಬ ನೆರವು ಜಾರಿಯಲ್ಲಿದೆ. 20 ಮೀಟರಿಗಿಂತ ಹೆಚ್ಚು ನಡೆಯಲಾಗದವರಿಗೆ ಅದರ ಹೆಚ್ಚಿನ ದರ. ಆ 20 ಮೀಟರಿನ ಗೆರೆ ತೀರಾ ಕಠಿಣವೆಂದು ಅಲ್ಲಿನ ಅಂಗವಿಕಲರೇ ಹೋರಾಡಿದ್ದಾರೆ, ನನ್ನ ಅಭಿಪ್ರಾಯವೂ ಅದೇ. ಆದರೆ ನಿಯಮದಲ್ಲಿ ಒಂದು ಒಳ್ಳೆಯ ಅಂಶವಿದೆ. ಆ ದೂರವನ್ನು ಅಪಾಯವಿಲ್ಲದೆ, ಒಪ್ಪುವ ರೀತಿಯಲ್ಲಿ, ಬೇಕಾದಾಗ ಮತ್ತೆ ಮತ್ತೆ, ಉಳಿದವರಿಗೆ ಹಿಡಿಯುವ ಸಮಯದ ಎರಡು ಪಟ್ಟಿನೊಳಗೆ ನಡೆಯಲು ಸಾಧ್ಯವಾದರೆ ಮಾತ್ರ ನಡೆಯಬಲ್ಲರು ಎಂದು ಲೆಕ್ಕ. ಒಮ್ಮೆ ಹಲ್ಲು ಕಚ್ಚಿ ನಡೆದು ಆಮೇಲೆ ಎರಡು ದಿನ ಮಲಗಿದರೆ ಅದು ನಡಿಗೆಯಲ್ಲ. ನಿರ್ಧಾರ ಒಪ್ಪಿಗೆಯಾಗದಿದ್ದರೆ ಮೊದಲು ಇಲಾಖೆಯೇ ಮರುಪರಿಶೀಲಿಸಬೇಕು. ನಂತರ ಸ್ವತಂತ್ರ ನ್ಯಾಯಮಂಡಳಿ. ಅಲ್ಲಿ ನ್ಯಾಯಾಧೀಶರ ಜೊತೆ ಒಬ್ಬ ವೈದ್ಯರು, ಅಂಗವೈಕಲ್ಯವನ್ನು ಅನುಭವದಿಂದ ಬಲ್ಲ ಇನ್ನೊಬ್ಬರು ಕೂರುತ್ತಾರೆ. ನಮ್ಮ ಮೇಲ್ಮನವಿ ಮಂಡಳಿಯಲ್ಲೂ ಅಂಥ ಒಂದು ಕುರ್ಚಿ ಬೇಕು ಎಂಬುದು ನನ್ನ ಮೊದಲ ಬೇಡಿಕೆ.

ನಮ್ಮ ಕಾನೂನು ದುರ್ಬಲವೇನಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 59ನೇ ಸೆಕ್ಷನ್ ಪ್ರಮಾಣಪತ್ರದ ನಿರ್ಧಾರದ ವಿರುದ್ಧ ಮೇಲ್ಮನವಿಯ ಹಕ್ಕು ಕೊಟ್ಟಿದೆ. ಪ್ರಮಾಣಪತ್ರ ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲೇ ಕೊಡಬೇಕು ಎಂದು ನಿಯಮವಿದೆ. "ನಿಮಗೆ ಬರಲ್ಲ, ಹೋಗಿ" ಎಂಬ ಬಾಯಿಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. 2024ರ ಅಕ್ಟೋಬರಿನಲ್ಲಿ ಓಂಕಾರ್ ಗೊಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶೇಕಡಾವಾರು ಅಂಕಿಯೊಂದನ್ನೇ ಇಟ್ಟುಕೊಂಡು ವಿದ್ಯಾರ್ಥಿಯನ್ನು ವೈದ್ಯಕೀಯ ಕೋರ್ಸಿನಿಂದ ಹೊರಗಿಡುವಂತಿಲ್ಲ, ಅವರು ಏನು ಮಾಡಬಲ್ಲರು ಎಂಬುದನ್ನು ನೋಡಬೇಕು ಎಂದಿತು. ಅದು ಪ್ರವೇಶದ ಪ್ರಶ್ನೆಯಾದರೂ ಅಂಕಿಯ ಹಿಂದೆ ಮನುಷ್ಯನನ್ನು ನೋಡುವ ಆ ದೃಷ್ಟಿ ನಮಗೂ ಸಲ್ಲಬೇಕು.

ಹಾಗಾದರೆ ಮಾಡುವುದೇನು? ಮೇಲ್ಮನವಿಯಲ್ಲಿ "ನಾನು ಬಡವ, ದಯಮಾಡಿ" ಎಂದು ಬರೆಯುವುದನ್ನು ಬಿಡೋಣ. ಮನೆಯಿಂದ ಬಸ್ ನಿಲ್ದಾಣಕ್ಕೆ ಎಷ್ಟು ದೂರ, ನಡುವೆ ಎಲ್ಲಿ ಕೂರುತ್ತೀರಿ, ಕಳೆದ ತಿಂಗಳು ಎಲ್ಲಿ ಬಿದ್ದಿರಿ, ಮರುದಿನ ಎಷ್ಟು ನೋವಿತ್ತು, ಮೆಟ್ಟಿಲನ್ನು ಯಾರ ಹೆಗಲು ಹಿಡಿದು ಹತ್ತುತ್ತೀರಿ, ಇದನ್ನು ಬರೆಯಿರಿ. ಕ್ಯಾಲಿಪರ್ ಅಥವಾ ಊರುಗೋಲು ಬಳಸುವವರು ತಪಾಸಣೆಗೆ ಅದರೊಂದಿಗೇ ಹೋಗಿ. ಅಂದು ಚೆನ್ನಾಗಿ ಕಾಣಬೇಕೆಂದು ಮನೆಯಲ್ಲಿ ಬಿಟ್ಟು ಹೋಗುವವರಿದ್ದಾರೆ. ಒಂಬತ್ತು ಪರೀಕ್ಷೆಗಳ ಅಂಕ ತುಂಬಿದ ಹಾಳೆಯ ಪ್ರತಿ ಕೇಳಿ, ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ವಕೀಲರು ಬೇಕಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಆದಾಯ ಎಷ್ಟೇ ಇರಲಿ, ಅಂಗವಿಕಲರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಎಲ್ಲಿಯೂ ಕೇಳಿಸಿಕೊಳ್ಳದಿದ್ದರೆ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡಿ. ಸಿವಿಲ್ ಕೋರ್ಟಿನಂತೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಅಧಿಕಾರ ಅವರಿಗಿದೆ.

ವೈದ್ಯರನ್ನು ನಾನು ದೂಷಿಸುತ್ತಿಲ್ಲ. ಶಿಬಿರದ ದಿನ ಬಾಗಿಲಾಚೆ ಸಾಲು ಬೆಳೆಯುತ್ತಿರುವಾಗ ಒಬ್ಬೊಬ್ಬರಿಂದ ಒಂಬತ್ತು ಪರೀಕ್ಷೆ ಮಾಡಿಸಲು ಅವರಿಗೂ ಸಮಯ ಸಿಗುವುದಿಲ್ಲ. ಸಮಯ ಕೊಡಬೇಕಾದದ್ದು, ತಪಾಸಣೆಯ ಜಾಗದಲ್ಲಿ ಒಂದು ಇಳಿಜಾರು, ನಾಲ್ಕು ಮೆಟ್ಟಿಲು ಕಟ್ಟಿಸಬೇಕಾದದ್ದು ಸರ್ಕಾರ.

ಆದ್ದರಿಂದ ಮೂರು ನಿರ್ಣಯಗಳನ್ನು ಸಭೆಯ ಮುಂದಿಡುತ್ತಿದ್ದೇನೆ. ಪ್ರತಿ ಪ್ರಮಾಣಪತ್ರದ ಜೊತೆ ಅಂಕದ ಹಾಳೆಯನ್ನು ಕೇಳದೆಯೇ ಕೊಡಬೇಕು. ಮೇಲ್ಮನವಿಯನ್ನು ಎಲ್ಲಿ, ಎಷ್ಟು ದಿನದೊಳಗೆ ಸಲ್ಲಿಸಬೇಕು ಎಂಬುದನ್ನು ಪ್ರಮಾಣಪತ್ರದ ಮೇಲೇ ಕನ್ನಡದಲ್ಲಿ ಮುದ್ರಿಸಬೇಕು. ಮೇಲ್ಮನವಿ ಮಂಡಳಿಯಲ್ಲಿ ಒಬ್ಬ ವಿಕಲಚೇತನ ಸದಸ್ಯರಿರಬೇಕು. ಊಟದ ನಂತರ ಇವುಗಳ ಮೇಲೆ ಚರ್ಚೆ. ಯಾರ ಅಂಕಿ ತಪ್ಪೆಂದು ಅನ್ನಿಸಿದೆಯೋ ಅವರು ಪ್ರಮಾಣಪತ್ರ ತೆಗೆದುಕೊಂಡು ವೇದಿಕೆಯ ಎಡಗಡೆ ಇರುವ ಮೇಜಿಗೆ ಬನ್ನಿ. ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ (ಎಂ.ಆರ್.ಡಬ್ಲ್ಯೂ.) ಮಿತ್ರರು ಅಲ್ಲಿ ಕೂತು ಮೇಲ್ಮನವಿ ಬರೆದುಕೊಡುತ್ತಾರೆ. ಬರೆದದ್ದನ್ನು ಓದಿಸಿ ಕೇಳಿಕೊಂಡ ಮೇಲೆಯೇ ಸಹಿ ಹಾಕಿ.