ಜ್ಞಾನಸ್ನಾನವೂ ತ್ಯಾಗಜೀವನವೂ

(ಶತಮಾನೋತ್ಸವದ ಕೃತಜ್ಞತಾ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಶತಮಾನೋತ್ಸವವೆಂದೊಡನೆ ನಮ್ಮ ಕಣ್ಣು ಗೋಪುರದ ಮೇಲೆ, ಹೊಸ ಬಣ್ಣದ ಮೇಲೆ, ದೀಪಗಳ ಸಾಲಿನ ಮೇಲೆ ನಿಲ್ಲುತ್ತದೆ. ಇಂದು ಅದನ್ನು ಅಲ್ಲಿಂದ ಕೆಳಗಿಳಿಸಿ, ಜ್ಞಾನಸ್ನಾನದ ತೊಟ್ಟಿಯ ಕಡೆಗೆ ತಿರುಗಿಸೋಣ. ನಾವೆಲ್ಲರೂ ದೇವರ ಮಕ್ಕಳಾಗಿ ಹುಟ್ಟಿದ್ದು ಅಲ್ಲಿ. ದೇವಾಲಯಕ್ಕೆ ಕಲ್ಲು ಗಾರೆಗಳ ಗೋಡೆ ಬೇಕು. ಆದರೆ ಧರ್ಮಸಭೆ ಕಟ್ಟಲ್ಪಡುವುದು ಆ ನೀರಿನಿಂದ.

ಈ ಸಂಸ್ಕಾರದ ಅರ್ಥವೇನು? ಪಾಪವಿಲ್ಲದ ಯೇಸುಸ್ವಾಮಿ ಜೋರ್ಡಾನ್ ನದಿಯಲ್ಲಿ ಪಾಪಿಗಳ ಸಾಲಿನಲ್ಲಿ ನಿಂತರು. ಮುಂದೆ ತಮ್ಮ ಶಿಲುಬೆಯ ಮರಣವನ್ನೇ ಒಂದು ಸ್ನಾನವೆಂದು ಕರೆದರು. ಬಲಗಡೆಯ, ಎಡಗಡೆಯ ಪೀಠಗಳನ್ನು ಬೇಡಿದ ಯಕೋಬ ಯೊವಾನ್ನರಿಗೆ ಆ ಸ್ನಾನವನ್ನು ಮಾಡಬಲ್ಲಿರಾ ಎಂದು ಕೇಳಿದರು. ಬಲ್ಲೆವು ಎಂದು ನುಡಿದ ಯಕೋಬನು ಹೆರೋದನ ಕತ್ತಿಗೆ ಬಲಿಯಾಗಿ ಆ ಮಾತನ್ನು ಉಳಿಸಿಕೊಂಡನು. ಸಂತ ಪೌಲರು ರೋಮಿನವರಿಗೆ ಬೋಧಿಸುವುದೂ ಇದನ್ನೇ: ನೀರಿನಲ್ಲಿ ಮುಳುಗುವವನು ಕ್ರಿಸ್ತರೊಡನೆ ಸಾಯುತ್ತಾನೆ; ಮೇಲೇಳುವವನು ಅವರೊಡನೆ ಹೊಸ ಬಾಳಿಗೆ ಏಳುತ್ತಾನೆ. ಆದುದರಿಂದ ಜ್ಞಾನಸ್ನಾನವು ಹೆಸರಿಡುವ ಸಮಾರಂಭ ಮಾತ್ರವಲ್ಲ. ಸ್ವಾರ್ಥಕ್ಕೆ ಸಾಯುವ ದೀಕ್ಷೆ.

ನಮ್ಮ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಯಲ್ಲಿ ಎಷ್ಟೇ ಕೊರತೆಯಿದ್ದರೂ ಬೀಜದ ಕಾಳನ್ನು ಅವನು ಉಣ್ಣುವುದಿಲ್ಲ, ಮಣ್ಣಿಗೆ ಹಾಕುತ್ತಾನೆ. ಕಣಜದಲ್ಲಿ ಉಳಿದ ಕಾಳು ಒಂದಾಗಿಯೇ ಉಳಿಯುತ್ತದೆ. ಮಣ್ಣಿನಲ್ಲಿ ಅಳಿದದ್ದು ತೆನೆಯಾಗುತ್ತದೆ. ಸ್ವಾಮಿ ತಮ್ಮ ಮರಣವನ್ನು ವಿವರಿಸಲು ಆರಿಸಿಕೊಂಡ ಸಾಮತಿಯೂ ಕಾಳಿನದೇ.

ತ್ಯಾಗವೆಂಬ ಮಾತು ಮೋಟೆಬೆನ್ನೂರಿಗೆ ಹೊಸದಲ್ಲ. 1911ರಲ್ಲಿ ಇಲ್ಲಿ ಜನಿಸಿದ ಮೈಲಾರ ಮಹಾದೇವಪ್ಪನವರು 1930ರಲ್ಲಿ, ಹತ್ತೊಂಬತ್ತು ತುಂಬುವ ಮೊದಲೇ, ಗಾಂಧೀಜಿಯವರೊಡನೆ ದಂಡಿಗೆ ನಡೆದರು. ಪತ್ನಿ ಸಿದ್ಧಮ್ಮನವರೂ ಸೆರೆವಾಸ ಅನುಭವಿಸಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಇಬ್ಬರು ಸಂಗಡಿಗರೊಡನೆ ಮಹಾದೇವಪ್ಪನವರು ಗುಂಡಿಗೆ ಬಲಿಯಾದರು. ಅವರು ನಮ್ಮ ಮತದವರಲ್ಲ. ಅವರ ಹೆಸರನ್ನು ನಮ್ಮದಾಗಿಸಿಕೊಳ್ಳುವುದು ಸಲ್ಲದು. ಆದರೆ ನಾಡಿಗಾಗಿ ನೆರೆಯವರು ಅಷ್ಟನ್ನು ಕೊಟ್ಟಿರುವಾಗ, ಶಿಲುಬೆಯ ಗುರುತನ್ನು ಹಣೆಯಲ್ಲಿ ಧರಿಸಿದ ನಾವು ಏನನ್ನು ಕೊಟ್ಟಿದ್ದೇವೆ ಎಂದು ಕೇಳಿಕೊಳ್ಳದಿರಲು ಸಾಧ್ಯವೇ?

ಇನ್ನು ನಮ್ಮ ಸಂತ ದೇವಸಹಾಯಂ ಅವರನ್ನು ನೋಡಿ. ತಿರುವಾಂಕೂರಿನ ಅರಮನೆಯ ಸೇವೆಯಲ್ಲಿದ್ದ ಈ ಗೃಹಸ್ಥರು 1745ರಲ್ಲಿ ಜ್ಞಾನಸ್ನಾನ ಪಡೆದರು. ಜಾತಿಭೇದವೆಣಿಸದೆ ಎಲ್ಲರೊಡನೆ ಬೆರೆತರು. ಸೆರೆ, ಹಿಂಸೆಗಳನ್ನು ಸಹಿಸಿ 1752ರಲ್ಲಿ ಗುಂಡೇಟಿನಿಂದ ಪ್ರಾಣಾರ್ಪಣೆ ಮಾಡಿದರು. 2022ರ ಮೇ 15ರಂದು ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು. ಜ್ಞಾನಸ್ನಾನದಿಂದ ಮರಣದವರೆಗೆ ಏಳು ವರ್ಷಗಳೂ ತುಂಬಲಿಲ್ಲ. ನಮ್ಮಲ್ಲಿ ಅನೇಕರಿಗೆ ಅರುವತ್ತು ವರ್ಷಗಳು ದೊರೆತಿವೆ!

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಗುರುಗಳಾದ ನಾವು ಜ್ಞಾನಸ್ನಾನದ ದಾಖಲೆಪುಸ್ತಕವನ್ನು ಅಚ್ಚುಕಟ್ಟಾಗಿ ಬರೆದಿಟ್ಟಿದ್ದೇವೆ; ಆದರೆ ಬರೆದ ಹೆಸರುಗಳನ್ನು ಹುಡುಕಿಕೊಂಡು ಮನೆಗಳಿಗೆ ಹೋದದ್ದು ಕಡಿಮೆ. ತಂದೆತಾಯಿಗಳು ಊಟದ ಏರ್ಪಾಡಿಗೆ ತೋರುವ ಶ್ರದ್ಧೆಯನ್ನು ಮಗುವಿನ ಪ್ರಾರ್ಥನೆಗೆ ತೋರುವುದಿಲ್ಲ. ಜ್ಞಾನಮಾತಾಪಿತರಾದವರು ಉಂಗುರ ಕೊಟ್ಟು ಮರೆತುಬಿಡುತ್ತಾರೆ. ಒಂದೇ ನೀರಿನಲ್ಲಿ ಮಿಂದವರು ಹೊಲದ ಬದುವಿಗಾಗಿ ವರ್ಷಗಟ್ಟಲೆ ಮಾತು ಬಿಡುತ್ತಾರೆ. ಸಂಬಂಧ ಬೆಳೆಸುವಾಗ ಕುಲವನ್ನು ವಿಚಾರಿಸುತ್ತಾರೆ. ಕ್ರಿಸ್ತರನ್ನು ಧರಿಸಿಕೊಂಡವರಲ್ಲಿ ಭೇದವಿಲ್ಲವೆಂದ ಪೌಲರ ಮುಂದೆ ನಾವು ಏನೆಂದು ಉತ್ತರಿಸೋಣ?

ರಕ್ತವನ್ನು ಸುರಿಸುವ ಕರೆ ಎಲ್ಲರಿಗೂ ಬರಲಾರದು. ಆದರೆ ಹಾಸಿಗೆ ಹಿಡಿದ ಅತ್ತೆಯನ್ನು ಗೊಣಗದೆ ಸಲಹುವ ಸೊಸೆ, ಕುಡಿತವನ್ನು ಬಿಟ್ಟು ಕೂಲಿಯನ್ನು ಮನೆಗೆ ತರುವ ತಂದೆ, ಸುಳ್ಳುಸಾಕ್ಷಿ ನುಡಿಯಲೊಲ್ಲದೆ ನಷ್ಟಪಟ್ಟವನು, ಮೊದಲು ಹೋಗಿ ಅಣ್ಣನ ಬಾಗಿಲು ತಟ್ಟುವ ತಮ್ಮ: ಇವರೆಲ್ಲರೂ ತಮ್ಮ ಜ್ಞಾನಸ್ನಾನವನ್ನು ಬಾಳುತ್ತಿದ್ದಾರೆ. ಜ್ಞಾನಸ್ನಾನ ಪಡೆದವರೆಲ್ಲರೂ ಕ್ರಿಸ್ತರ ಯಾಜಕತ್ವದಲ್ಲಿ ಪಾಲುಗಾರರೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಸ್ಪಷ್ಟವಾಗಿ ಸಾರಿತು. ಈ ದಿನನಿತ್ಯದ ತ್ಯಾಗಗಳೇ ನೀವು ಪೀಠದ ಬಳಿಗೆ ತರುವ ಕಾಣಿಕೆ. ರೊಟ್ಟಿ ದ್ರಾಕ್ಷಾರಸಗಳೊಡನೆ ಅವೂ ಅರ್ಪಿತವಾಗುತ್ತವೆ.

ಪಾಸ್ಖ ಜಾಗರಣೆಯ ರಾತ್ರಿಯಲ್ಲಿ ಉರಿಯುವ ಬತ್ತಿ ಹಿಡಿದು ನಾವು ಜ್ಞಾನಸ್ನಾನದ ವಚನಗಳನ್ನು ನವೀಕರಿಸುತ್ತೇವೆ. ಮೇಣ ಕರಗದೆ ಬೆಳಕಿಲ್ಲ. ಇಂದು ಮನೆಗೆ ಹೋಗುವ ಮೊದಲು, ಯಾರೊಡನೆ ಮಾತು ಬಿಟ್ಟಿದ್ದೇವೆಯೋ ಅವರ ಹೆಸರನ್ನು ಸ್ವಾಮಿಯ ಮುಂದೆ ನೆನೆಯೋಣ. ಅವರ ಬಾಗಿಲಿಗೆ ನಾವೇ ಹೋಗೋಣ. ಮುಂದಿನ ನೂರು ವರ್ಷಗಳು ಅಲ್ಲಿಂದ ಆರಂಭವಾಗಲಿ.

ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ. ಆಮೆನ್.